ಪ್ರಾಚೀನ ವಿದ್ಯಾಸ್ಥಾನಗಳ ಆಡಳಿತವೂ ಲೆಕ್ಕದ ಹೊಣೆಯೂ

ದಕ್ಷಿಣದೇಶದ ಶಿಲಾಶಾಸನಗಳಲ್ಲಿ ವಿದ್ಯಾದಾನದ ಪ್ರಶಂಸೆಯು ಹೇರಳವಾಗಿದೆ. ಅಗ್ರಹಾರ, ಬ್ರಹ್ಮಪುರಿ, ಘಟಿಕಾಸ್ಥಾನ, ಮಠ ಎಂಬೀ ಹೆಸರುಗಳು ಇತಿಹಾಸಾಭ್ಯಾಸಿಗಳಿಗೆ ಸುಪರಿಚಿತವಾದುವು. ಆದರೆ ದಾನಿಯ ಕೀರ್ತಿಯನ್ನೂ ಉಪಾಧ್ಯಾಯರ ಪಾಂಡಿತ್ಯವನ್ನೂ ವರ್ಣಿಸುವಷ್ಟು ಆದರದಿಂದ, ದತ್ತವಾದ ಭೂಮಿಯ ಹುಟ್ಟುವಳಿಯನ್ನು ಯಾರು ವಿನಿಯೋಗಿಸುತ್ತಿದ್ದರು, ಆ ವಿನಿಯೋಗವು ಕೆಟ್ಟರೆ ಯಾರು ಯಾರಿಗೆ ಉತ್ತರ ಹೇಳಬೇಕಾಗಿತ್ತು ಎಂಬುದನ್ನು ನಮ್ಮವರು ವಿಚಾರಿಸಿದ್ದು ವಿರಳ. ಪ್ರಕೃತ ಲೇಖನದಲ್ಲಿ ಕೆಲವು ಶಾಸನಗಳನ್ನು ಆಧಾರವಾಗಿಟ್ಟುಕೊಂಡು ಈ ಒಂದಂಶವನ್ನು ಮಾತ್ರ ಪರಾಮರ್ಶಿಸುವೆವು.

ಮೊದಲನೆಯದು ವಿಜಯಪುರ ಜಿಲ್ಲೆಯ ಸಾಲೋಟಗಿಯ ಸ್ತಂಭಶಾಸನ. ಶಕವರ್ಷ 867ರಲ್ಲಿ, ಎಂದರೆ ಕ್ರಿ. ಶ. 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನು ಆಳುತ್ತಿರಲು, ಅವನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆಯೆಂಬ ಈ ಊರಿನಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬರುವ ವಿದ್ಯಾರ್ಥಿಗಳ ವಾಸಕ್ಕೆ 27 ನಿವೇಶನಗಳೂ, ಶಾಲೆಯ ನಿರ್ವಾಹಕ್ಕೆ 500 ನಿವರ್ತನ ಭೂಮಿಯೂ, ದೀಪಕ್ಕೆ 12 ನಿವರ್ತನವೂ, ಉಪಾಧ್ಯಾಯನಿಗೆ 50 ನಿವರ್ತನವೂ ಒಂದು ಮನೆಯೂ ಏರ್ಪಟ್ಟುವು. ದೀಪದ ಎಣ್ಣೆಗೆಂದು ಗೊತ್ತಾದ ಭೂಮಿಯು ಅನ್ಯವ್ಯಯಕ್ಕೆ ಸಲ್ಲದಂತೆ ಪ್ರತ್ಯೇಕಿಸಿ ಬರೆದಿರುವುದು ಗಮನಾರ್ಹವಾದುದು. ಅದಕ್ಕಿಂತಲೂ ಮುಖ್ಯವಾದುದು ಮತ್ತೊಂದಿದೆ. ಊರಿನವರು ವಿವಾಹಕ್ಕೆ 5, ಉಪನಯನಕ್ಕೆ ಅದರರ್ಧ, ಚೌಲಕ್ಕೆ ಮತ್ತೆ ಅದರರ್ಧದಂತೆ ಪುಷ್ಪವೆಂಬ ನಾಣ್ಯಗಳನ್ನು ಶಾಲೆಗೆ ಸಲ್ಲಿಸತಕ್ಕದ್ದೆಂಬ ಕಟ್ಟಳೆಯು ಅಲ್ಲಿ ಕಾಣುತ್ತದೆ. ಮಂತ್ರಿಯ ಔದಾರ್ಯವೊಂದನ್ನೇ ನಂಬಿದ ಶಾಲೆಯು ಮಂತ್ರಿಯೊಡನೆಯೇ ಅಳಿಯಬಹುದು. ಮನೆಮನೆಯ ಮಂಗಳಕಾರ್ಯದಿಂದ ಪಾಲು ಪಡೆಯುವ ಶಾಲೆಯು ಊರಿನ ಸ್ವತ್ತಾಗುವುದು. ಕೊಟ್ಟವನಿಗೆ ಕೇಳುವ ಅಧಿಕಾರವುಂಟೆಂಬ ಲೋಕನ್ಯಾಯವನ್ನು ಅನುಸರಿಸಿದರೆ, ಆ ಊರಿನ ಪ್ರತಿ ಗೃಹಸ್ಥನೂ ಶಾಲೆಯ ಯೋಗಕ್ಷೇಮವನ್ನು ವಿಚಾರಿಸಲು ಅರ್ಹನಾಗಿದ್ದನೆಂದು ಊಹಿಸಲವಕಾಶವಿದೆ.

ಎರಡನೆಯದಾಗಿ, ಕ್ರಿ. ಶ. 1058ರ ನಾಗಾವಿಯ ಶಾಸನ. ಕಲ್ಯಾಣ ಚಾಲುಕ್ಯ ತ್ರೈಲೋಕ್ಯಮಲ್ಲನ ದಂಡನಾಯಕ ಮಧುಸೂದನನು ಅಲ್ಲಿ ನಡೆಯಿಸಿದ ಘಟಿಕಾಸ್ಥಾನದಲ್ಲಿ 200 ಮಂದಿ ವೇದವಿದ್ಯಾರ್ಥಿಗಳೂ ಸುಮಾರು 50 ಮಂದಿ ಶಾಸ್ತ್ರವಿದ್ಯಾರ್ಥಿಗಳೂ ಇದ್ದರು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರಲ್ಲದೆ, ಗ್ರಂಥಗಳನ್ನು ಕಾಯಲು ಆರು ಮಂದಿ ಸರಸ್ವತೀಭಾಂಡಾರಿಗರು ನಿಯಮಿತರಾಗಿದ್ದರು. ಇದರಂತೆಯೇ ತಮಿಳುನಾಡಿನ ಎಣ್ಣಾಯಿರಂ ಶಾಸನದಲ್ಲಿ ಮೊದಲನೆಯ ರಾಜೇಂದ್ರಚೋಳನ (1012–1044) ಕಾಲದ ವಿದ್ಯಾಸ್ಥಾನವೊಂದರ ವಿವರವಿದೆ. ಅಲ್ಲಿ 340 ಮಂದಿ ವಿದ್ಯಾರ್ಥಿಗಳು: ಋಗ್ವೇದಕ್ಕೆ 75, ರೂಪಾವತಾರವೆಂಬ ವ್ಯಾಕರಣಕ್ಕೆ 40, ವೇದಾಂತಕ್ಕೆ 10 ಎಂಬಂತೆ ಪ್ರತಿಯೊಂದು ವರ್ಗದ ಸಂಖ್ಯೆಯೂ, ಅವರಿಗೆ ದಿನವಹಿ ಸಲ್ಲುವ ಭತ್ತದ ಅಳತೆಯೂ ಕಲ್ಲಿನ ಮೇಲೆ ಕೊರೆಯಲ್ಪಟ್ಟಿವೆ. ಈ ಏರ್ಪಾಟನ್ನು ನಡೆಯಿಸುವ ಭಾರವು ಊರಿನ ಮಹಾಸಭೆಯದು. ಇಂತಹ ಶಾಸನವನ್ನು ಕೇವಲ ಪ್ರಶಸ್ತಿಯೆಂದು ಎಣಿಸಲಾಗದು. ಇದು ಸಾರ್ವಜನಿಕವಾದ ಲೆಕ್ಕಪತ್ರವೇ ಸರಿ. ಸಂಖ್ಯೆಯು ಕಲ್ಲಿನಲ್ಲಿರುವಾಗ, ಉಗ್ರಾಣದಲ್ಲಿ ಕಡಿಮೆಯಾದ ಭತ್ತವನ್ನು ಮರೆಮಾಚುವುದು ಸುಲಭವಲ್ಲ.

ಇದಕ್ಕೆ ಭಿನ್ನವಾದ ಇನ್ನೊಂದು ಮಾರ್ಗವು ಬಳ್ಳಿಗಾವೆಯ ಕೋಡಿಯಮಠದಲ್ಲಿ ಕಾಣಬರುತ್ತದೆ. 1162ರ ಶಾಸನವು ಈ ಮಠವನ್ನು ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನಸ್ಥಾನವೆಂದೂ, ಅನಾಥರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುವ ಸ್ಥಳವೆಂದೂ ವರ್ಣಿಸುತ್ತದೆ. ಇಲ್ಲಿ ದತ್ತಿಯು ಸಭೆಯ ಕೈ ಸೇರದೆ ಕಾಳಾಮುಖಾಚಾರ್ಯರ ಕೈ ಸೇರುತ್ತಿತ್ತು. ಆಚಾರ್ಯನ ವಿದ್ಯೆಯೂ ಶೀಲವೂ ದಾನಿಗೆ ಸಾಕಾದ ಪ್ರಮಾಣ. ವಾಮಶಕ್ತಿಯಂತಹ ಸಮರ್ಥನು ಪೀಠದಲ್ಲಿರುವಷ್ಟು ಕಾಲ ಇದಕ್ಕಿಂತ ಉತ್ತಮವಾದ ಆಡಳಿತವನ್ನು ಅಪೇಕ್ಷಿಸಬೇಕಾಗಿಲ್ಲ. ಆದರೆ ಶಿಷ್ಯನು ಗುರುವಿನಂತೆಯೇ ಇರುವನೆಂಬ ನಿಯಮವೆಲ್ಲಿದೆ? ಶಾಸನಗಳ ಕೊನೆಯಲ್ಲಿ ದತ್ತಾಪಹಾರಕರಿಗೆ ವಿಧಿಸುವ ಶಾಪವೊಂದನ್ನೇ ಆಗ ಶರಣು ಹೋಗಬೇಕಾಗುವುದು. ಶಾಪವು ಧರ್ಮಭೀರುಗಳನ್ನು ತಡೆಯುವುದು. ಅವರಿಗಾದರೋ ಅದರ ಅವಶ್ಯಕತೆಯೇ ಇಲ್ಲ.

ಶಾಪಕ್ಕೆ ಬದಲಾಗಿ ಕಟ್ಟಳೆಯನ್ನು ಮಾಡಿದವರ ನಿದರ್ಶನವು ಉತ್ತರಮೇರೂರಿನಲ್ಲಿದೆ. ಪರಾಂತಕಚೋಳನ ಕಾಲದ 919 ಮತ್ತು 921ರ ಶಾಸನಗಳು ಸಂವತ್ಸರ, ತೋಟ, ಕೆರೆ ಮುಂತಾದವುಗಳ ವಾರಿಯಗಳಿಗೆ 30 ಕೇರಿಗಳಿಂದ ಚೀಟಿಯೆತ್ತಿ ಸದಸ್ಯರನ್ನು ಆರಿಸುವ ಕ್ರಮವನ್ನು ತಿಳಿಸುತ್ತವೆ. ಹಿಂದೆ ವಾರಿಯದಲ್ಲಿದ್ದು ಲೆಕ್ಕವನ್ನೊಪ್ಪಿಸದವನೂ ಅವನ ಬಂಧುಗಳೂ ಚೀಟಿಗೆ ಅನರ್ಹರು. ಕಳೆದ ಮೂರು ವರ್ಷಗಳಲ್ಲಿ ಅಧಿಕಾರ ನಡೆಯಿಸಿದವನೂ ಅನರ್ಹನು. ಇವು ವಿದ್ಯಾಸ್ಥಾನಕ್ಕೆಂದು ಮಾಡಿದ ವಿಧಿಗಳಲ್ಲವೆಂಬುದು ನಿಜ. ಆದರೂ ಎಣ್ಣಾಯಿರದಂತಹ ವಿದ್ಯಾಸ್ಥಾನಗಳನ್ನು ಪಾಲಿಸಿದುದು ಇದೇ ಜಾತಿಯ ಗ್ರಾಮಸಭೆಯಾದುದರಿಂದ ಇವುಗಳ ತತ್ತ್ವವು ಇಲ್ಲಿ ಅಪ್ರಸ್ತುತವಲ್ಲ.

ಇಷ್ಟರಿಂದ ಪ್ರಾಚೀನವ್ಯವಸ್ಥೆಯು ನಿರ್ದುಷ್ಟವೆಂದು ಹೇಳಿದಂತಾಗಲಿಲ್ಲ. ಸಭೆಯಲ್ಲಿ ಕುಳಿತವರು ಭೂಮಿಯುಳ್ಳ ಬ್ರಾಹ್ಮಣ ಪುರುಷರು. ಅಗ್ರಹಾರದ ವೇದಶಾಲೆಗಳ ಬಾಗಿಲು ಊರಿನ ಬಹುಜನರ ಮಕ್ಕಳಿಗೆ ತೆರೆದಿರಲಿಲ್ಲ. ಒಬ್ಬನ ದೋಷಕ್ಕೆ ಬಂಧುಗಳನ್ನೆಲ್ಲ ಹೊರಗಿಡುವುದೂ ನ್ಯಾಯವಲ್ಲ. ಇಂದಿನ ವಿಧಿಯು ಈ ವಿಷಯದಲ್ಲಿ ಶ್ರೇಷ್ಠವಾದುದು. ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟಿವೆ. 2009ರ ಶಿಕ್ಷಣಹಕ್ಕಿನ ಅಧಿನಿಯಮವು ಶಾಲಾಸಮಿತಿಯಲ್ಲಿ ಮುಕ್ಕಾಲು ಪಾಲು ತಾಯಿತಂದೆಗಳೂ ಪೋಷಕರೂ, ಅರ್ಧದಷ್ಟು ಸ್ತ್ರೀಯರೂ ಇರಬೇಕೆಂದೂ, ಅನುದಾನದ ವಿನಿಯೋಗವನ್ನು ಸಮಿತಿಯು ನೋಡಿಕೊಳ್ಳಬೇಕೆಂದೂ ವಿಧಿಸಿತು. ಕೇಳುವ ಅಧಿಕಾರವು ಹೀಗೆ ಕೂಲಿಕಾರನ ಮನೆಗೂ ಬಂದಿರುತ್ತದೆ.

ಆದರೆ ಅಧಿಕಾರವು ಬಂದ ಮಾತ್ರಕ್ಕೆ ಕೇಳುವ ಅಭ್ಯಾಸವು ಬಾರದು. ಮಕ್ಕಳ ಸಂಖ್ಯೆ, ಬಂದ ಧಾನ್ಯ, ವ್ಯಯವಾದ ಹಣ ಇವುಗಳನ್ನು ಎಣ್ಣಾಯಿರದವರಂತೆ ಎಲ್ಲರ ಕಣ್ಣಿಗೆ ಬೀಳುವೆಡೆಯಲ್ಲಿ ಬರೆದಿಡುವುದು. ಲೆಕ್ಕವೊಪ್ಪಿಸದವನನ್ನು ಮರಳಿ ಆರಿಸದಿರುವುದು. ಸಾಲೋಟಗಿಯವರಂತೆ ಅಲ್ಪವನ್ನಾದರೂ ಊರೇ ಕೊಟ್ಟು ಶಾಲೆಯನ್ನು ತನ್ನದಾಗಿಸಿಕೊಳ್ಳುವುದು, ಈ ಮೂರನ್ನು ಹಿಂದಿನವರಿಂದ ಸ್ವೀಕರಿಸಬಹುದು. ನಾಯಕನ ಗುಣವು ಶಾಲೆಯನ್ನು ಬೆಳೆಯಿಸುವುದು; ಆ ನಾಯಕನು ಹೋದ ಮೇಲೆ ಅದನ್ನು ಉಳಿಸುವುದು ಲೆಕ್ಕವೇ. ಶಾಸನಗಳನ್ನು ರಾಜವಂಶಾವಳಿಗಾಗಿ ಓದುವ ವಿದ್ವಾಂಸರು ಈ ದೃಷ್ಟಿಯಿಂದಲೂ ಅವುಗಳನ್ನು ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇವೆ.