ಗಡಿ ದಾಟಿದ ಹಕ್ಕಿಯ ಹೆಸರು

ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆಯಾಡುವ ನಿಮಗೆ ಇಂದು ದೂರದ ಜರ್ಮನಿಯ ಒಂದು ಹಕ್ಕಿಯ ಹೆಸರಿನ ಕಥೆ ಹೇಳುತ್ತೇನೆ.

ಗುಬ್ಬಿಗಿಂತ ತುಸು ಚಿಕ್ಕದು. ಕೆಂಪು ಮುಖ, ರೆಕ್ಕೆಗೆ ಹಳದಿ ಪಟ್ಟಿ. ಒಂದು ಜಾತಿಯ ಮುಳ್ಳುಗಿಡದ ಬೀಜ ಇದಕ್ಕೆ ಬಲು ಇಷ್ಟ. ಆ ಗಿಡಕ್ಕೆ ಜರ್ಮನ್ನಿನಲ್ಲಿ ‘ಡಿಸ್ಟೆಲ್’ ಎನ್ನುತ್ತಾರೆ, ಇಂಥ ಸಣ್ಣ ಹಕ್ಕಿಗೆ ‘ಫಿಂಕ್’. ಎರಡೂ ಸೇರಿ ‘ಡಿಸ್ಟೆಲ್‌ಫಿಂಕ್’. 1758ರಲ್ಲಿ ಲಿನಿಯಸ್ ಬಳಸಿದ ‘ಕಾರ್ಡುಯೆಲಿಸ್’ ಎಂಬ ಲ್ಯಾಟಿನ್ ಹೆಸರಿನಲ್ಲೂ ಆ ಮುಳ್ಳುಗಿಡವೇ ಇದೆ.

ಆದರೆ ಇದೇ ಹಕ್ಕಿಗೆ ‘ಸ್ಟೀಗ್ಲಿಟ್ಸ್’ ಎಂಬ ಇನ್ನೊಂದು ಹೆಸರುಂಟು. ಜರ್ಮನ್ನಿನಲ್ಲಿ ಇದನ್ನು ಬಿಡಿಸಿದರೆ ಅರ್ಥವೇ ಸಿಗದು. ಇದು ಪೂರ್ವದ ನೆರೆಹೊರೆಯ ಸ್ಲಾವ್ ಜನರ ಮಾತು. ಜೆಕ್ ಭಾಷೆಯಲ್ಲಿ ಈಗಲೂ ‘ಸ್ತೆಹ್ಲೀಕ್’, ರಷ್ಯನ್ನಿನಲ್ಲಿ ‘ಶ್ಚೆಗೋಲ್’. ಹಕ್ಕಿಯ ಕೂಗನ್ನೇ ಅನುಕರಿಸಿ ಹುಟ್ಟಿದ ಹೆಸರೆಂದು ವಿದ್ವಾಂಸರ ಊಹೆ. ಮಧ್ಯಯುಗದಲ್ಲೇ ಜರ್ಮನರು ಇದನ್ನು ‘ಸ್ಟಿಗೆಲಿಟ್ಸ್’ ಎಂದು ಕರೆಯುತ್ತಿದ್ದರು. ಕೊನೆಯ ‘ಇಟ್ಸ್’ ಅನ್ನು ಗಮನಿಸಿ. ಗೋರ್ಲಿಟ್ಸ್, ಕೆಮ್ನಿಟ್ಸ್ ಮುಂತಾದ ಪೂರ್ವ ಜರ್ಮನಿಯ ಊರುಗಳ ಹೆಸರಿಗೂ ಅದೇ ಬಾಲ. ಆ ಹೆಸರುಗಳೂ ಸ್ಲಾವ್ ಮೂಲದವೇ.

ಇನ್ನು ವ್ಯಾಕರಣ. ನಮಗೆ ಕಾಗೆಯೂ ಬಂತು, ಗುಬ್ಬಿಯೂ ಬಂತು. ಜರ್ಮನ್ನಿನಲ್ಲಿ ಪ್ರತಿ ನಾಮಪದಕ್ಕೂ ಲಿಂಗ ಬೇಕು. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಇದು ಹೊಸದಲ್ಲ. ಮರಾಠಿಯಲ್ಲಿ ಕಾವಳಾ ಪುಲ್ಲಿಂಗ, ಚಿಮಣಿ ಸ್ತ್ರೀಲಿಂಗ. ಸಮಾಸದಲ್ಲಿ ಕೊನೆಯ ಪದದ ಲಿಂಗವೇ ಇಡೀ ಪದಕ್ಕೆ. ಡಿಸ್ಟೆಲ್ ಸ್ತ್ರೀಲಿಂಗವಾದರೂ ಫಿಂಕ್ ಪುಲ್ಲಿಂಗ, ಆದ್ದರಿಂದ ‘ಡೆರ್ ಡಿಸ್ಟೆಲ್‌ಫಿಂಕ್’. ಹೊರಗಿನಿಂದ ಬಂದ ಸ್ಟೀಗ್ಲಿಟ್ಸ್ ಕೂಡ ‘ಡೆರ್’ ಪಡೆದು ಪುಲ್ಲಿಂಗವಾಯಿತು. ಹೆಣ್ಣುಹಕ್ಕಿಯಾದರೂ ಹೆಸರಿಗೆ ಅದೇ ಲಿಂಗ. ಬಹುವಚನ ಮಾತ್ರ ಬೇರೆ ಬೇರೆ: ‘ಡಿಸ್ಟೆಲ್‌ಫಿಂಕನ್’, ‘ಸ್ಟೀಗ್ಲಿಟ್ಸೆ’. ನಾವು ಬಸ್ಸಿಗೆ ‘ಗಳು’ ಸೇರಿಸಿ ‘ಬಸ್ಸುಗಳು’ ಅನ್ನುವುದಿಲ್ಲವೇ, ಹಾಗೆಯೇ. ಗಡಿಯ ಮಾತು ಬೆರಕೆ ಎಂದು ಮೂಗು ಮುರಿಯುವವರನ್ನು ನೀವೂ ಕಂಡಿರುತ್ತೀರಿ. ಬಂದ ಪದ ಮನೆಯ ಪ್ರತ್ಯಯ ತೊಟ್ಟುಕೊಂಡ ಮೇಲೆ ಅದನ್ನು ಪರಕೀಯ ಎನ್ನುವುದು ನನಗಂತೂ ಸರಿಕಾಣದು.

1617ರಲ್ಲಿ ವೈಮಾರ್‌ನಲ್ಲಿ ಹುಟ್ಟಿದ ಒಂದು ವಿದ್ವತ್ ಸಂಘ ಪರಭಾಷೆಯ ಪದಗಳನ್ನು ದೂರವಿಡಲು ಹೊರಟಿತು. ಸ್ಟೀಗ್ಲಿಟ್ಸ್ ಅದರ ನಂತರವೂ ಉಳಿಯಿತು. ಜರ್ಮನಿಯಲ್ಲಿ 2016ರ ‘ವರ್ಷದ ಹಕ್ಕಿ’ಯಾಗಿ ಆರಿಸಿದ್ದು ಈ ಹಕ್ಕಿಯನ್ನೇ, ಅದೂ ಈ ಹೆಸರಿನಲ್ಲೇ.

ಇನ್ನೊಂದು ಮಾತು. ಗಡಿಗೆ ಜರ್ಮನರಲ್ಲಿ ‘ಮಾರ್ಕ್’ ಎಂಬ ಸ್ವಂತ ಪದವಿತ್ತು. ಡೆನ್ಮಾರ್ಕ್ ಎಂಬ ಹೆಸರಿನಲ್ಲಿ ಇರುವುದೂ ಅದೇ. ಈಗ ಅವರು ಗಡಿಗೆ ‘ಗ್ರೆಂಟ್ಸೆ’ ಎನ್ನುತ್ತಾರೆ. ಅದು ಸ್ಲಾವ್ ಜನರ ‘ಗ್ರಾನಿತ್ಸ’.