ಆಘಾತಶಬ್ದವೂ ಗ್ಯಾಸ್ ಸ್ಪ್ರಿಂಗಿನ ವಿಕಾಸವೂ

ಲೋಹದ ತಗಡನ್ನು ಕತ್ತರಿಸಿ, ಬಗ್ಗಿಸಿ, ಬಟ್ಟಲಾಗಿ ಎಳೆಯುವ ಪ್ರೆಸ್ ಯಂತ್ರಗಳ ನಡುವೆ ದುಡಿಯುವವನ ಕಿವಿಗೆ ಒದಗುವ ಹಾನಿ ಇಂದು ನಿನ್ನೆಯದಲ್ಲ. ವೆನಿಸ್ಸಿನ ತಾಮ್ರದ ಕೆಲಸಗಾರರು ಸುತ್ತಿಗೆಯ ಬಡಿತದಿಂದ ಕಿವುಡರಾಗುವರೆಂದು ಇಟಲಿಯ ವೈದ್ಯ ರಾಮಾಟ್ಸಿನಿ ಹದಿನೆಂಟನೆಯ ಶತಮಾನದ ಆದಿಯಲ್ಲಿಯೇ ಬರೆದಿದ್ದನು. 1886ರಲ್ಲಿ ಗ್ಲಾಸ್ಗೋ ನಗರದ ಥಾಮಸ್ ಬಾರ್ ನೂರು ಮಂದಿ ಬಾಯ್ಲರ್ ಕೆಲಸಗಾರರನ್ನು ಪರೀಕ್ಷಿಸಿ, ಅವರಲ್ಲಿ ಒಬ್ಬನ ಶ್ರವಣವೂ ಸಹಜವಾಗಿ ಉಳಿದಿಲ್ಲವೆಂದು ಕಂಡನು. ಹೀಗಿದ್ದರೂ ಬಹುಕಾಲದವರೆಗೆ ಸದ್ದನ್ನು ಯಂತ್ರದ ಸ್ವಭಾವವೆಂದೇ ಒಪ್ಪಿಕೊಂಡು, ಕಿವಿಯನ್ನು ಮುಚ್ಚುವುದರಲ್ಲಿಯೂ ಯಂತ್ರದ ಸುತ್ತ ಗೋಡೆ ಕಟ್ಟುವುದರಲ್ಲಿಯೂ ಪರಿಹಾರವನ್ನು ಅರಸಿದರೇ ಹೊರತು, ಸದ್ದು ಹುಟ್ಟುವ ಸ್ಥಳಕ್ಕೆ ಕೈ ಹಾಕಿದವರು ವಿರಳ. ಆ ಸ್ಥಳ ತಗಡಿಗೆ ಆಕಾರ ಕೊಡುವ ಅಚ್ಚಿನ, ಅಂದರೆ ಡೈಯ ಒಳಗಿದೆ. ಅದರಲ್ಲಿಯೂ, ಬಲವು ಸೊನ್ನೆಯಿಂದ ಪೂರ್ಣಪ್ರಮಾಣಕ್ಕೆ ಏರುವ ಕ್ಷಣಾಂಶದಲ್ಲಿದೆ. ಡೈಯಲ್ಲಿ ಆ ಬಲವನ್ನು ಬಂಧಿತ ಅನಿಲದಿಂದ ಒದಗಿಸುವ ಗ್ಯಾಸ್ ಸ್ಪ್ರಿಂಗಿನ ವಿಕಾಸವನ್ನು ಈ ದೃಷ್ಟಿಯಿಂದ ನೋಡಿದಾಗ ಮಾತ್ರ ಅದರ ತಿರುವುಗಳು ಅರ್ಥವಾಗುತ್ತವೆ.

ಒತ್ತಿದ ವಾಯು ಪುಟಿದೇಳುವ ಗುಣವನ್ನು ರಾಬರ್ಟ್ ಬಾಯ್ಲ್ 1660ರಲ್ಲಿ ಪ್ರಕಟವಾದ ತನ್ನ ಪ್ರಯೋಗಗ್ರಂಥದಲ್ಲಿ ವಿವರಿಸಿ, 1662ರಲ್ಲಿ ಒತ್ತಡಕ್ಕೂ ಗಾತ್ರಕ್ಕೂ ಇರುವ ವಿಲೋಮ ಸಂಬಂಧವನ್ನು ಸ್ಥಾಪಿಸಿದನು. ಲೋಹದ ಸ್ಪ್ರಿಂಗಿನ ನಿಯಮವನ್ನು ಹುಕ್ 1678ರಲ್ಲಿ ವಿಶದಪಡಿಸಿದನು. ಆದರೆ ಕಾರ್ಖಾನೆಯಲ್ಲಿ ಬಹುಕಾಲ ಮೆರೆದದ್ದು ಲೋಹದ ಸುರುಳಿಯೇ. ಸುರುಳಿಯ ಬಲ ಸೊನ್ನೆಯಿಂದ ಆರಂಭವಾಗಿ ಒತ್ತಿದಷ್ಟೂ ಏರುವುದರಿಂದ, ತಗಡನ್ನು ಮೊದಲ ಕ್ಷಣದಿಂದಲೇ ಬಿಗಿಯಾಗಿ ಹಿಡಿಯಬೇಕಾದ ಕಡೆ ಅದನ್ನು ಮುಂಚಿತವಾಗಿಯೇ ಒತ್ತಿ ಕೂರಿಸಬೇಕಾಗುತ್ತಿತ್ತು. ಹೀಗೆ ಒತ್ತಿ ಕೂರಿಸಿದ ಸುರುಳಿ ಬೇಗ ದಣಿದು ಮುರಿಯುತ್ತಿತ್ತು. ಪ್ರೆಸ್ಸಿನ ಹಾಸಿನ ಕೆಳಗೆ ಅಳವಡಿಸಿದ ಗಾಳಿಯ ಕುಷನ್ನು ಈ ದೋಷವನ್ನು ನೀಗಿತಾದರೂ, ಕಾರ್ಖಾನೆಯ ಕೊಳವೆಗಳಲ್ಲಿ ದೊರೆಯುವ ಐದಾರು ಬಾರ್ ಒತ್ತಡದಿಂದ ಬೇಕಾದ ಬಲವನ್ನು ಪಡೆಯಲು ಸಿಲಿಂಡರು ಅತಿ ವಿಶಾಲವಾಗಿರಬೇಕಾಯಿತು.

ಈ ಇಕ್ಕಟ್ಟಿನಿಂದ ಪಾರಾಗುವ ಮಾರ್ಗವೇ ಉಕ್ಕಿನ ಕಿರಿದಾದ ಸಿಲಿಂಡರಿನಲ್ಲಿ ಸೀಲುಗಳ ನಡುವೆ ಬಂಧಿಸಿದ ನೈಟ್ರೋಜನ್. ಅದು ಜಡ, ಶುಷ್ಕ, ಸುಲಭಲಭ್ಯ; ಎಣ್ಣೆಯ ಆವಿಯೊಡನೆ ಸೇರಿ ಹೊತ್ತಿಕೊಳ್ಳುವ ಭಯವಿಲ್ಲ. ಸಾಮಾನ್ಯವಾಗಿ 150 ಬಾರ್‌ವರೆಗೆ ತುಂಬುವ ಇಂತಹ ಸ್ಪ್ರಿಂಗಿನಲ್ಲಿ 40 ಮಿಲಿಮೀಟರ್ ವ್ಯಾಸದ ದಂಡವೊಂದು ಸುಮಾರು 19 ಕಿಲೋನ್ಯೂಟನ್, ಅಂದರೆ ಎರಡು ಟನ್ನಿಗೆ ತುಸು ಕಡಮೆ ಬಲವನ್ನು ಕೊಡುತ್ತದೆ. ಅದೂ ಮೊದಲ ಸ್ಪರ್ಶದಲ್ಲಿಯೇ! ಅಂಗೈಯಲ್ಲಿ ಹಿಡಿಯಬಹುದಾದ ದಂಡದಿಂದ ಇಷ್ಟು ಬಲ ದೊರೆತಾಗ ಡೈ ಕಟ್ಟುವವರು ಅದನ್ನು ಸ್ವಾಗತಿಸಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಯಾವುದು ಅದರ ಗುಣವೋ ಅದೇ ಅದರ ದೋಷವೂ ಆಯಿತು. 200 ಮಿಲಿಮೀಟರ್ ಸ್ಟ್ರೋಕಿನ, ನಿಮಿಷಕ್ಕೆ ನಲವತ್ತು ಬಾರಿ ಇಳಿದೇಳುವ ಕ್ರ್ಯಾಂಕ್ ಪ್ರೆಸ್ಸೊಂದನ್ನು ಪರಿಗಣಿಸೋಣ. ತಳಕ್ಕೆ 50 ಮಿಲಿಮೀಟರ್ ಇರುವಾಗ ಅದರ ಇಳಿದೇಳುವ ಭಾಗವಾದ ರ‍್ಯಾಮಿನ ವೇಗ ಸೆಕೆಂಡಿಗೆ ಸುಮಾರು 36 ಸೆಂಟಿಮೀಟರ್. ಈ ವೇಗದಲ್ಲಿ ಇಳಿಯುವ ಮೇಲ್ಡೈ, ಮೇಲೆ ಹೇಳಿದಂತಹ ಹತ್ತು ಸ್ಪ್ರಿಂಗುಗಳು ಎತ್ತಿ ಹಿಡಿದಿರುವ, ತಗಡಿನ ಅಂಚನ್ನು ಒತ್ತಿ ಹಿಡಿಯುವ ಫಲಕವಾದ ಬ್ಲ್ಯಾಂಕ್ ಹೋಲ್ಡರನ್ನು ಮುಟ್ಟುತ್ತಲೇ ಹತ್ತೊಂಬತ್ತು ಟನ್ನಿನ ಪ್ರತಿರೋಧ ಒಮ್ಮೆಲೇ ಎದುರಾಗುತ್ತದೆ. ಪ್ರೆಸ್ಸಿನ ಚೌಕಟ್ಟೆಲ್ಲ ನಡುಗಿ ಧ್ವನಿಗೈಯುತ್ತದೆ. ರ‍್ಯಾಮು ಮೇಲೇರುವಾಗಲೂ ಶಾಂತಿಯಿಲ್ಲ. ಸ್ಪ್ರಿಂಗು ಹೋಲ್ಡರನ್ನು ಹಿಂದಕ್ಕೆ ಚಿಮ್ಮಿಸುವುದರಿಂದ ಅದು ತನ್ನ ತಡೆಗೆ ಬಡಿಯುತ್ತದೆ, ಬಿಡಿಭಾಗವೂ ಕುಪ್ಪಳಿಸುತ್ತದೆ.

ಈ ಸದ್ದಿನ ತತ್ತ್ವವನ್ನು ಶಾಸ್ತ್ರೀಯವಾಗಿ ಬಿಡಿಸಿದುದು ಇಪ್ಪತ್ತನೆಯ ಶತಮಾನದ ಎಂಟನೆಯ ದಶಕದಲ್ಲಿ. ಕಾಸ್ ಮತ್ತು ಆಲ್ಫ್ರೆಡ್‌ಸನ್ ಪಂಚ್ ಪ್ರೆಸ್ಸಿನ ಕ್ಷಣಿಕ ಶಬ್ದಮೂಲಗಳನ್ನು ಗುರುತಿಸಲೆತ್ನಿಸಿದರು. ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಧ್ವನಿ ಮತ್ತು ಕಂಪನಗಳ ಸಂಶೋಧನಸಂಸ್ಥೆಯನ್ನು 1963ರಲ್ಲಿ ಸ್ಥಾಪಿಸಿದ ರಿಚರ್ಡ್ಸ್ ಅವರೂ ಅವರ ಸಹೋದ್ಯೋಗಿಗಳೂ 1979ರಿಂದ ಪ್ರಕಟಿಸಿದ ಲೇಖನಮಾಲೆಯೇ ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ನಿಜವಾದ ಅಸ್ತಿಭಾರ. ಚಲಿಸುವ ವಸ್ತು ಥಟ್ಟನೆ ನಿಂತಾಗ ಸುತ್ತಲಿನ ಗಾಳಿ ಕದಡಿ ಹುಟ್ಟುವ ಶಬ್ದ ಒಂದು, ಪೆಟ್ಟು ತಿಂದ ರಚನೆ ಬಳಿಕ ಕಂಪಿಸುತ್ತ ಹೊರಡಿಸುವ ಶಬ್ದ ಮತ್ತೊಂದು ಎಂದು ಅವರು ವಿಂಗಡಿಸಿದರು. ಸದ್ದಿನ ಪ್ರಮಾಣ ಬಲದ ಗಾತ್ರಕ್ಕಿಂತಲೂ ಬಲ ಬದಲಾಗುವ ದರವನ್ನು ಹೆಚ್ಚಾಗಿ ಅವಲಂಬಿಸುತ್ತದೆಂಬುದನ್ನು ಕಾಣಿಸಿದರು. ಗಂಟೆಯ ನಾಲಗೆಗೆ ಬಟ್ಟೆ ಸುತ್ತಿದರೆ ಪೆಟ್ಟು ಅದೇ ಆದರೂ ನಾದ ಕುಗ್ಗುವಂತೆ, ಬಲ ಏರುವ ಕಾಲವನ್ನು ತುಸು ಹಿಗ್ಗಿಸಿದರೆ ಸಾಕು, ಯಂತ್ರ ಸೌಮ್ಯವಾಗುತ್ತದೆ.

ಕಾಯಿದೆಯೂ ಒತ್ತಾಸೆಯಾಯಿತು. ಕೆಲಸದ ಎಂಟು ಗಂಟೆಗಳ ಸರಾಸರಿ 85 ಡೆಸಿಬೆಲ್ ಅಥವಾ ಕ್ಷಣಿಕ ಶಿಖರ 137 ಡೆಸಿಬೆಲ್ ಮುಟ್ಟಿದಲ್ಲಿ ಕ್ರಮ ಕೈಗೊಳ್ಳಲೇಬೇಕೆಂದು 2003ರ ಐರೋಪ್ಯ ನಿರ್ದೇಶ ವಿಧಿಸಿತು.

ಸ್ಪ್ರಿಂಗು ತಯಾರಕರು ಕಂಡುಕೊಂಡ ಉತ್ತರಗಳಲ್ಲಿ ಅತ್ಯಂತ ಸೊಗಸಾದುದು ಸ್ಪರ್ಶಬಲವನ್ನು ತಗ್ಗಿಸುವ ರಚನೆ. ಪಿಸ್ಟನ್ನಿನ ಮೇಲ್ಭಾಗದಲ್ಲಿ ಅತಿ ಕಿರಿದಾದ ಎರಡನೆಯ ಕೋಶವನ್ನಿಟ್ಟು, ದಂಡ ಪೂರ್ತಿಯಾಗಿ ಹೊರಚಾಚಿರುವಾಗ ಅಲ್ಲಿನ ಅನಿಲವೂ ಎದುರಿನಿಂದ ಒತ್ತುವಂತೆ ಮಾಡಿದರೆ ಎರಡು ಒತ್ತಡಗಳೂ ಬಹುಮಟ್ಟಿಗೆ ಒಂದನ್ನೊಂದು ಕಳೆಯುತ್ತವೆ. ದಂಡ ಕೆಲವು ಮಿಲಿಮೀಟರ್ ಸರಿದೊಡನೆ ಆ ಕೋಶ ಹಲವು ಪಟ್ಟು ಹಿಗ್ಗಿ ಅದರ ಒತ್ತಡ ಕುಸಿಯುವುದರಿಂದ ಪೂರ್ಣಬಲ ಪ್ರಕಟವಾಗುತ್ತದೆ. ಆಘಾತವನ್ನು ತಗ್ಗಿಸಲು ಹೊರಗಿನಿಂದ ಏನನ್ನೂ ತರದೆ, ಆಘಾತಕ್ಕೆ ಕಾರಣವಾದ ಅನಿಲವನ್ನೇ ಅದರ ಶಮನಕ್ಕೂ ನಿಯೋಜಿಸಿದ ಈ ಯುಕ್ತಿ ನನಗೆ ಬಹಳ ಹಿಡಿಸಿದೆ. ಮರಳುವಿಕೆಯನ್ನು ನಿಧಾನಗೊಳಿಸುವ ಸ್ಪ್ರಿಂಗುಗಳು ಬೇರೆ ಬಗೆಯವು: ಕೊನೆಯ ಅಂತರದಲ್ಲಿ ಸಿಕ್ಕಿಬಿದ್ದ ದ್ರವ್ಯ ಕಿರುದಾರಿಯಲ್ಲಿ ಹಿಂಡಿ ಹೊರಟು ವೇಗವನ್ನು ನುಂಗುತ್ತದೆ. ನುಂಗಿದುದು ಉಷ್ಣವಾಗುತ್ತದೆಂಬುದನ್ನು ಮರೆಯಲಾಗದು. ಒತ್ತುವಿಕೆಯೂ ಅನಿಲವನ್ನು ಬಿಸಿ ಮಾಡುತ್ತದೆ: ಅದರ ಗಾತ್ರ ಮೂರರಲ್ಲಿ ಎರಡು ಭಾಗಕ್ಕೆ ಇಳಿದಾಗ, ತಾಪ ಸ್ಥಿರವಾಗಿದ್ದರೆ 150 ಬಾರ್ 225 ಆಗಬೇಕು. ಶಾಖ ಹೊರಹೋಗಲು ಅವಕಾಶವಿಲ್ಲದ ಶೀಘ್ರ ಒತ್ತುವಿಕೆಯಲ್ಲಿ ಅದು ಸುಮಾರು 265ಕ್ಕೆ ಏರುತ್ತದೆ. ಸೀಲುಗಳ ಆಯುಸ್ಸು ಈ ಬಿಸಿಯಲ್ಲಿಯೇ ಕರಗುತ್ತದೆ.

ಕಳೆದ ಶತಮಾನದ ಅಂತ್ಯದಿಂದ ಜಪಾನಿನ ಸರ್ವೋ ಪ್ರೆಸ್ಸುಗಳು ಸ್ಪರ್ಶಕ್ಕೆ ಮುನ್ನವೇ ರ‍್ಯಾಮಿನ ವೇಗವನ್ನು ಇಳಿಸಿ ಸಮಸ್ಯೆಯನ್ನು ಮತ್ತೊಂದು ತುದಿಯಿಂದ ಬಿಡಿಸಿವೆ. ಆದರೆ ಬೆಂಗಳೂರಿನ ನಮ್ಮ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಹಳೆಯ ಯಾಂತ್ರಿಕ ಪ್ರೆಸ್ಸುಗಳಿಗೆ ಆ ಭಾಗ್ಯವಿಲ್ಲ. ಅಲ್ಲಿ ಕಡಮೆ ವೆಚ್ಚದ ಉಪಾಯವೊಂದಿದೆ: ಸ್ಪ್ರಿಂಗುಗಳ ಎತ್ತರವನ್ನು ಬೇರೆಬೇರೆಯಾಗಿಸಿ, ಬಲವು ನಾಲ್ಕು ಸಮಪಾಲಾಗಿ ಒಂದರ ಹಿಂದೊಂದು ಬರುವಂತೆ ಮಾಡುವುದು. ಆದರ್ಶ ಗಣನೆಯಂತೆ ಇದರಿಂದ ಸದ್ದಿನ ಶಿಖರ 12 ಡೆಸಿಬೆಲ್, ಒಟ್ಟು ಶಕ್ತಿ 6 ಡೆಸಿಬೆಲ್ ಇಳಿಯಬೇಕು; ನಿಜವಾದ ಡೈಯಲ್ಲಿ ಫಲ ಇದಕ್ಕಿಂತ ಕಡಮೆ. ಒಂದೇ ಎತ್ತರದವು ಎದುರುಬದುರಾಗಿ ಜೋಡಿಯಾಗಿ ಕೂರದಿದ್ದರೆ ಫಲಕ ಓರೆಯಾಗಿ ಮಾರ್ಗದರ್ಶಕ ಕಂಬಗಳನ್ನು ತಿನ್ನುತ್ತದೆ. ಪಂಚಿಗೆ ಅಂಟಿದ ತಗಡನ್ನು ಬಿಡಿಸುವ ಸ್ಟ್ರಿಪ್ಪರಿಗೂ ಬಗ್ಗಿಸುವ ಡೈಗೂ ಈ ಉಪಾಯ ಒಗ್ಗುತ್ತದೆ. ಆಳವಾದ ಬಟ್ಟಲನ್ನು ಎಳೆಯುವಲ್ಲಿ ಮಾತ್ರ, ಪೂರ್ಣಬಲ ತಡವಾಗಿ ಬಂದರೆ ತಗಡು ಅಂಚಿನಲ್ಲಿ ಸುಕ್ಕುಗಟ್ಟುವುದರಿಂದ, ಕಡಮೆ ಸ್ಪರ್ಶಬಲದ ಸ್ಪ್ರಿಂಗಿಗೇ ಹಣ ತೆರಬೇಕಾಗುತ್ತದೆ.