ಗರಿ ವರ್ತಕರ ಬಾಯಿ ಮುಚ್ಚಿಸಿದ ಚಿತ್ರಗಳು

ಗದ್ದೆಯ ಬದುವಿನಲ್ಲಿ ನಿಲ್ಲುವ ಬೆಳ್ಳಕ್ಕಿಗೆ ಮರಿ ಮಾಡುವ ಕಾಲದಲ್ಲಿ ಬೆನ್ನಿನ ಮೇಲೆ ನೂಲಿನಂತಹ ನವಿರಾದ ಗರಿಗಳು ಮೂಡುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಚೆಲುವೇ ಅದಕ್ಕೆ ಮುಳುವಾಗಿತ್ತು. ಯೂರೋಪ್, ಅಮೆರಿಕಗಳ ಸಿರಿವಂತ ಮಹಿಳೆಯರ ಟೋಪಿಗಳಿಗೆ ಆ ಗರಿಗಳು ಬೇಕಾಗಿದ್ದವು. ತೂಕಕ್ಕೆ ತೂಕ ಚಿನ್ನಕ್ಕಿಂತಲೂ ಹೆಚ್ಚಿನ ಬೆಲೆ ಅವಕ್ಕಿತ್ತು.

ಭಾರತದಿಂದಲೂ ಗರಿಗಳು ಹೋಗುತ್ತಿದ್ದವು. 1902ರಲ್ಲಿ ಇಲ್ಲಿನ ಬ್ರಿಟಿಷ್ ಸರ್ಕಾರ ರಫ್ತನ್ನು ನಿಷೇಧಿಸಿತಾದರೂ ಕಳ್ಳಸಾಗಣೆ ನಿಲ್ಲಲಿಲ್ಲ. ಕೊಳ್ಳುವ ಪೇಟೆ ಲಂಡನ್ನಿನಲ್ಲಿ ತೆರೆದೇ ಇತ್ತು. ಹಕ್ಕಿಗಳನ್ನು ಕೊಲ್ಲುತ್ತಿಲ್ಲ, ಉದುರಿದ ಗರಿಗಳನ್ನಷ್ಟೇ ಆರಿಸಿ ತರಲಾಗುತ್ತಿದೆ ಎಂದು ವರ್ತಕರು ವಾದಿಸುತ್ತಿದ್ದರು.

ಈ ವಾದದ ಪೊಳ್ಳುತನವನ್ನು ಬಯಲು ಮಾಡಿದವರು ಆಸ್ಟ್ರೇಲಿಯದ ಪಕ್ಷಿವೀಕ್ಷಕ ಎ.ಎಚ್.ಇ. ಮ್ಯಾಟಿಂಗ್ಲಿ. 1906ರಲ್ಲಿ ಅವರು ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ಮತೂರಾ ಊರಿನ ಬಳಿಯ ಜೌಗು ನೆಲಕ್ಕೆ ಹೋಗಿ, ಅಲ್ಲಿ ಗೂಡು ಕಟ್ಟಿದ್ದ ಬೆಳ್ಳಕ್ಕಿಗಳ ಚಿತ್ರ ತೆಗೆದರು. ಕೆಲವು ವಾರಗಳ ನಂತರ ಮತ್ತೆ ಹೋದಾಗ ಕಂಡದ್ದೇ ಬೇರೆ. ಬೆನ್ನಿನ ಗರಿ ಕಿತ್ತ ಹಕ್ಕಿಗಳ ಹೆಣಗಳು ಬಿದ್ದಿದ್ದವು. ಗೂಡುಗಳಲ್ಲಿ ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ಬೇಟೆಗಾರರ ಉಪಾಯ ಸರಳವಾಗಿತ್ತು: ಗುಂಡಿನ ಸದ್ದಿಗೆ ಹಾರಿದ ಹಕ್ಕಿ ಮರಿಯ ಮೋಹಕ್ಕೆ ಮರಳಿ ಬಂದೇ ಬರುತ್ತದೆ.

ಮ್ಯಾಟಿಂಗ್ಲಿ ಅದನ್ನೂ ಕ್ಯಾಮೆರಾದಲ್ಲಿ ಸೆರೆಹಿಡಿದರು. 1907ರಲ್ಲಿ 'ಎಮು' ಎಂಬ ಪಕ್ಷಿಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾದ ಚಿತ್ರಗಳನ್ನು ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ರಾಯಲ್ ಸೊಸೈಟಿ ಪ್ರಚಾರಕ್ಕೆ ಬಳಸಿಕೊಂಡಿತು. 1911ರಲ್ಲಿ ಎದೆಗೂ ಬೆನ್ನಿಗೂ ಚಿತ್ರಫಲಕ ಕಟ್ಟಿಕೊಂಡ ಆಳುಗಳು ಲಂಡನ್ನಿನ ಸಿರಿವಂತರ ಅಂಗಡಿಬೀದಿಗಳಲ್ಲಿ ನಡೆದರು. ಟೋಪಿ ಕೊಳ್ಳಲು ಬಂದವರ ಎದುರಿಗೇ ಸತ್ತ ಹಕ್ಕಿಗಳ ಚಿತ್ರ ಹಾದುಹೋಯಿತು. ಹತ್ತು ವರ್ಷಗಳ ಬಳಿಕ, 1921ರಲ್ಲಿ, ಗರಿಗಳ ಆಮದನ್ನು ನಿಷೇಧಿಸುವ ಕಾನೂನು ಬಂತು. ಅಷ್ಟರಲ್ಲಿ ಟೋಪಿಯ ಫ್ಯಾಷನ್ನೂ ಬದಲಾಗತೊಡಗಿತ್ತು. ಆದರೂ ಜನರ ಮನಸ್ಸನ್ನು ತಿರುಗಿಸುವಲ್ಲಿ ಈ ಚಿತ್ರಗಳ ಪಾಲು ದೊಡ್ಡದು.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಅಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳನ್ನು ಇಂದು ಪ್ರವಾಸಿಗರು ದೋಣಿಯಲ್ಲಿ ಕುಳಿತು ಕ್ಯಾಮೆರಾದಲ್ಲಿ ಹಿಡಿಯುತ್ತಾರೆ. ಆದರೆ ಯಾವುದೇ ಗೂಡಿಗೆ ತೀರಾ ಹತ್ತಿರ ಹೋದರೆ ತಾಯಿಹಕ್ಕಿ ಹಾರಿಹೋಗುತ್ತದೆ. ಮೊಟ್ಟೆ, ಮರಿಗಳು ಬಿಸಿಲಿಗೂ ಕಾಗೆ, ಹದ್ದುಗಳಿಗೂ ಸಿಗುತ್ತವೆ. ಒಂದು ಕಾಲಕ್ಕೆ ಬೆಳ್ಳಕ್ಕಿಯ ಪರವಾಗಿ ಸಾಕ್ಷಿ ನುಡಿದ ಕ್ಯಾಮೆರಾ ಅದರ ಗೂಡಿಗೆ ಕಂಟಕವಾಗಬಾರದು. ಅದಕ್ಕೆ ಬೇಕಾದದ್ದು ಸ್ವಲ್ಪ ದೂರ, ಸ್ವಲ್ಪ ತಾಳ್ಮೆ.